ಸತ್ತವರ ತಾರೀಖು, ಬದುಕಿದವರ ಹಕ್ಕು

ಒಂದು ಸಂಸ್ಥಾನದ ಹಣೆಬರಹ ಬದಲಾಗೋದಕ್ಕೆ ಏನು ಬೇಕು? ತೋಪು ಬೇಕಾ? ಸೈನ್ಯ ಬೇಕಾ? ಕಿತ್ತೂರಿನ ಕಥೆಯಲ್ಲಿ ಅವೆಲ್ಲಾ ಆಮೇಲೆ ಬಂದವು. ಮೊದಲು ಬಂದದ್ದು ಒಂದು ಕಾಗದ. ಆ ಕಾಗದದ ಮೇಲೆ ಒಂದು ತಾರೀಖು.

1824ರ ಸೆಪ್ಟೆಂಬರ್. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಮಾಸ್ತಮರಡಿಯ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಂಡಿದ್ದೇವೆ ಅನ್ನೋ ಪತ್ರ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈಸೇರಿತು. ಪತ್ರದ ಮೇಲಿದ್ದದ್ದು ಜುಲೈ ತಿಂಗಳ ತಾರೀಖು. ಅದು ಕೈಸೇರಿದ್ದು ಸೆಪ್ಟೆಂಬರ್‌ನಲ್ಲಿ, ದೇಸಾಯಿ ಸತ್ತ ಹೊತ್ತಿಗೆ. ಥ್ಯಾಕರೆ ಅಲ್ಲೇ ತಕರಾರು ತೆಗೆದ. ದತ್ತಕ ಆಗಿದ್ದು ಸಾವಿಗೆ ಮುಂಚೆಯೋ, ನಂತರವೋ? ಈ ಸಹಿ ದೇಸಾಯಿಯದ್ದೇನಾ?

ಗಮನಿಸಿ, ಪ್ರಶ್ನೆ ಇದ್ದದ್ದು ಇಷ್ಟೇ. ಒಬ್ಬ ಮನುಷ್ಯ ಯಾವಾಗ ಸತ್ತ, ಸಾಯೋ ಮೊದಲು ಏನು ಮಾಡಿದ. ಇದಕ್ಕೆ ಎರಡೂ ಕಡೆಯವರು ಒಪ್ಪೋ ದಾಖಲೆ ಇರಲಿಲ್ಲ. ಹಾಗಂತ ದಾಖಲೆ ಇದ್ದಿದ್ದರೆ ಕಂಪನಿ ಸುಮ್ಮನಿರುತ್ತಿತ್ತಾ? ಆ ಭ್ರಮೆ ನನಗಿಲ್ಲ. ಕಂಪನಿಗೆ ಕಿತ್ತೂರು ಬೇಕಿತ್ತು. ಆದರೆ ದಾಖಲೆಯ ಅನುಮಾನ ಅದಕ್ಕೆ ನೆಪ ಆಯ್ತು. ಖಜಾನೆಗೆ ಬೀಗಮುದ್ರೆ ಬಿತ್ತು. ಅಕ್ಟೋಬರ್ 23ರಂದು ಕೋಟೆಯ ಎದುರು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂತು, ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದರು.

34 ವರ್ಷದ ನಂತರ, ಪಕ್ಕದಲ್ಲೇ, ಹೆಚ್ಚುಕಡಿಮೆ ಇದೇ ಕಥೆ. ನರಗುಂದದ ಬಾಬಾಸಾಹೇಬರಿಗೆ ಗಂಡುಮಗ ಇರಲಿಲ್ಲ. ದತ್ತಕಕ್ಕೆ ಕಂಪನಿ ಒಪ್ಪಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಹತನಾದ. ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಈ ಮಣ್ಣಿನಲ್ಲಿ ವಾರಸಾ ಅನ್ನೋ ಪದ ಬರೀ ತಲಾಟಿ ಆಫೀಸಿನ ಪದ ಅಲ್ಲ. ಅದಕ್ಕೆ ರಕ್ತ ಹರಿದಿದೆ.

ಈಗ ಇನ್ನೊಂದು ಪ್ರಶ್ನೆ. ರಾಣಿ ಚೆನ್ನಮ್ಮ ತೀರಿಕೊಂಡ ದಿನ ಯಾವುದು? ಕೆಲವು ಪುಸ್ತಕದಲ್ಲಿ 1829ರ ಫೆಬ್ರವರಿ 2. ಕೆಲವದರಲ್ಲಿ ಫೆಬ್ರವರಿ 21. ಬೈಲಹೊಂಗಲದಲ್ಲಿ ಸಮಾಧಿ ಇದೆ, ನಾವು ಹೋಗಿ ಕೈ ಮುಗಿದು ಬರ್ತೀವಿ. ಆದರೆ ನಾಡಿನ ಇಷ್ಟು ದೊಡ್ಡ ರಾಣಿಯ ಸಾವಿಗೆ ಇವತ್ತಿಗೂ ಎರಡು ತಾರೀಖು ಓಡಾಡುತ್ತಿವೆ. ರಾಣಿಯದ್ದೇ ಹೀಗಾದರೆ, ಅವರಿಗಾಗಿ ಕಾದಾಡಿ ಸತ್ತ ಸಾಮಾನ್ಯ ಸೈನಿಕನ ಲೆಕ್ಕ ಯಾರಿಟ್ಟರು?

ಅದೇ ಕಾಲದಲ್ಲಿ ಆ ಕಡೆಯವರ ಲೆಕ್ಕ ಹೇಗಿತ್ತು ನೋಡಿ. ಇಂಗ್ಲಿಷರು ಭಾರತದಲ್ಲಿ ಎಲ್ಲೇ ಸತ್ತರೂ ಪಾದ್ರಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಮದ್ರಾಸ್, ಬಾಂಬೆ, ಬಂಗಾಳ, ಮೂರೂ ಪ್ರೆಸಿಡೆನ್ಸಿಗಳ ರಿಜಿಸ್ಟರಿನ ನಕಲು ಹಡಗು ಹತ್ತಿ ಲಂಡನ್‌ಗೆ ಹೋಗುತ್ತಿತ್ತು. ಅವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಳಗಾವಿ ಕಂಟೋನ್ಮೆಂಟಿನಲ್ಲಿ ಜ್ವರ ಬಂದು ಸತ್ತ ಬಡ ಇಂಗ್ಲಿಷ್ ಸಿಪಾಯಿಯ ಮರಿಮೊಮ್ಮಗ ಅಲ್ಲಿ ತಾತನ ಹೆಸರು ಹುಡುಕಬಹುದು. ಕಿತ್ತೂರಿನ ಸಿಪಾಯಿಯ ಮೊಮ್ಮಗ ಎಲ್ಲಿ ಹುಡುಕಬೇಕು?

ಹಾಗಾದರೆ ನಮ್ಮವರಿಗೆ ಸಾವನ್ನು ಬರೆದಿಡೋ ಅಭ್ಯಾಸವೇ ಇರಲಿಲ್ಲವಾ? ಇತ್ತು, ಕಲ್ಲಿನ ಮೇಲೆ ಬರೆಯುತ್ತಿದ್ದರು. ವೀರಗಲ್ಲು ಅಂದರೆ ಏನು? ಯಾರು ಸತ್ತ, ಯಾವ ರಾಜನ ಕಾಲದಲ್ಲಿ, ಯಾವ ಜಗಳದಲ್ಲಿ, ಮನೆಯವರಿಗೆ ಯಾವ ಭೂಮಿ ಬಿಟ್ಟುಕೊಟ್ಟರು ಅನ್ನೋದೆಲ್ಲ ಎಷ್ಟೋ ಕಲ್ಲುಗಳಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ನೇ ಇಸವಿಯ ಕಲ್ಲೊಂದು ಸಿಕ್ಕಿದೆ. ಅದರಲ್ಲಿ ಕಾಳಿ ಅನ್ನೋ ನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದು ದಾಖಲಾಗಿದೆ. ಸಾವಿರ ವರ್ಷದ ಹಿಂದೆ ನಾಯಿಯ ಸಾವನ್ನೂ ಬರೆದಿಟ್ಟ ನಾಡು ಇದು.

ಸ್ವಾರಸ್ಯ ಏನು ಗೊತ್ತಾ? 1824ರಲ್ಲಿ ಕಿತ್ತೂರಿನವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಸೆರೆ ಹಿಡಿದಿದ್ದರು. ಅವರಲ್ಲೊಬ್ಬ ಥ್ಯಾಕರೆಯ ಸಹಾಯಕ ವಾಲ್ಟರ್ ಎಲಿಯಟ್. ಜೀವಂತ ಬಿಡುಗಡೆಯಾದ ಆತ ಮುಂದೆ ಈ ಭಾಗದ ಶಾಸನಗಳ ಹಿಂದೆ ಬಿದ್ದ. 595 ಶಾಸನಗಳ ನಕಲು ಸಂಗ್ರಹಿಸಿದ. ಕಿತ್ತೂರಿನ ಕೈದಿ ಕನ್ನಡದ ಕಲ್ಲುಗಳನ್ನು ಓದಿಸಿ ಬರೆಸಿಟ್ಟ.

ಆದರೆ ಕಲ್ಲು ಸಿಗುತ್ತಿದ್ದದ್ದು ವೀರನಿಗೆ, ಪ್ರಭುವಿಗೆ, ಮುನಿಗೆ. ಹೊಲದಲ್ಲಿ ಹಾವು ಕಚ್ಚಿ ಸತ್ತವನಿಗೆ ಕಲ್ಲಿಲ್ಲ. ಹೆರಿಗೆಯಲ್ಲಿ ಸತ್ತವಳಿಗೂ ಇಲ್ಲ.

ಎಲ್ಲರ ಸಾವನ್ನೂ ಎಣಿಸೋ ಕೆಲಸ ಶುರುವಾಗಿದ್ದು 1857ರ ದಂಗೆಯ ನಂತರ. ಅದೂ ನಮ್ಮ ಮೇಲಿನ ಪ್ರೀತಿಯಿಂದಲ್ಲ. ಇಂಗ್ಲಿಷ್ ಸಿಪಾಯಿಗಳು ಯುದ್ಧಕ್ಕಿಂತ ಹೆಚ್ಚಾಗಿ ಕಾಲರಾ, ಜ್ವರಕ್ಕೆ ಸಾಯುತ್ತಿದ್ದರು. ಸುತ್ತಲ ಹಳ್ಳಿಯಲ್ಲಿ ಯಾವ ರೋಗ ಇದೆ ಅಂತ ಗೊತ್ತಾಗದೆ ಕಂಟೋನ್ಮೆಂಟನ್ನು ಉಳಿಸಲು ಆಗಲ್ಲ. ಹಾಗಾಗಿ ಸ್ಯಾನಿಟರಿ ಕಮಿಷನರ್ ಬಂದ, ಹಳ್ಳಿ ಅಧಿಕಾರಿಗಳ ಕೈಗೆ ರಿಜಿಸ್ಟರ್ ಬಂತು. ಕಾಲರಾ, ಸಿಡುಬು, ಜ್ವರ, ಭೇದಿ, ಅಪಘಾತ ಅಂತ ಕಾಲಂಗಳು. ಬರೆಯೋರು ಡಾಕ್ಟರಲ್ಲ. ಏನಂತ ಗೊತ್ತಾಗದ ಸಾವೆಲ್ಲ ಜ್ವರದ ಕಾಲಂಗೆ ಹೋಯಿತು. 1918ರ ಇನ್‌ಫ್ಲುಯೆಂಜಾದಲ್ಲಿ ಬಾಂಬೆ ಪ್ರಾಂತ್ಯ ಒಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಮನೆಗೆ ಮನೆಯೇ ಮಲಗಿದ್ದಾಗ ಸಾವಿನ ಸುದ್ದಿ ಬರೆಸೋಕೆ ಹೋಗೋರು ಯಾರು? ಬರೆದುಕೊಳ್ಳೋರು ಯಾರು?

ಈಗ ನಿಮ್ಮ ಮನೆ ವಿಷಯಕ್ಕೆ ಬರೋಣ. ಅಜ್ಜನ, ಮುತ್ತಜ್ಜನ ಸಾವಿನ ದಾಖಲೆ ಬೇಕು ಅಂತ ಹೊರಟವರು ಈ ನಾಲ್ಕು ತಾಲೂಕಿನಲ್ಲಿ ಎಡವೋದು ಎಲ್ಲಿ?

ಮೊದಲನೆಯದು ಹೆಸರು. ವ್ಯಕ್ತಿಯ ಹೆಸರಲ್ಲ, ತಾಲೂಕಿನ ಹೆಸರು. ಹಳೇ ಕಾಗದದಲ್ಲಿ ಬೈಲಹೊಂಗಲ ತಾಲೂಕು ಅಂತ ಹುಡುಕಿದರೆ ಸಿಗಲ್ಲ, ಅದು ಸಂಪಗಾಂವ ತಾಲೂಕು. ಸವದತ್ತಿ ಇದ್ದದ್ದು ಪರಸಗಡ ತಾಲೂಕಿನ ಹೆಸರಲ್ಲಿ. ಕಿತ್ತೂರು ಪ್ರತ್ಯೇಕ ತಾಲೂಕಾಗಿದ್ದು ಮೊನ್ನೆ ಮೊನ್ನೆ, ಅದರ ಹಳೇ ಕಡತ ಸಂಪಗಾಂವ, ಬೈಲಹೊಂಗಲದ ಜೊತೆಗಿರುತ್ತೆ. ರಾಮದುರ್ಗವಂತೂ 1948ರವರೆಗೆ ಬೇರೆಯೇ ಸಂಸ್ಥಾನ, ಬ್ರಿಟಿಷ್ ಜಿಲ್ಲೆಯ ಕಡತದಲ್ಲಿ ಅದನ್ನು ಹುಡುಕಿ ಪ್ರಯೋಜನ ಇಲ್ಲ. ಮಲಪ್ರಭೆಯ ಹಿನ್ನೀರಿಗೆ ಊರು ಬಿಟ್ಟು ಬಂದವರಾದರೆ ಹಳೇ ಊರಿನ ಹೆಸರು ಗೊತ್ತಿರಲೇಬೇಕು.

ಎರಡನೆಯದು ಲಿಪಿ. ಮುಂಬೈ ಕರ್ನಾಟಕದ ಹಳೇ ಕುಲಕರ್ಣಿ ದಫ್ತರದಲ್ಲಿ ಮೋಡಿ ಲಿಪಿ ಇರಬಹುದು. ಕಾಗದ ಕೈಯಲ್ಲೇ ಇದ್ದರೂ ಓದೋಕೆ ಬರದೆ ವಾಪಸ್ ಇಡಬೇಡಿ. ಮೋಡಿ ಓದೋರು ಬೆಳಗಾವಿ, ಧಾರವಾಡದ ಕಡೆ ಇನ್ನೂ ಇದ್ದಾರೆ.

ಮೂರನೆಯದು, ಹೆಂಗಸರ ಹೆಸರು. ಹಳೇ ದಾಖಲೆಯಲ್ಲಿ ಎಷ್ಟೋ ಅಜ್ಜಿಯರು ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಮಾತ್ರ ಇದ್ದಾರೆ. ಅಜ್ಜಿಯನ್ನು ಹುಡುಕಬೇಕಾದರೆ ಅಜ್ಜನ ಹೆಸರಿನಿಂದ ಹುಡುಕಿ.

ನಾಲ್ಕನೆಯದು ಇವತ್ತಿಗೂ ಜನ ಮಾಡೋ ತಪ್ಪು. ಮರಣ ನೋಂದಣಿ ಆಗೋದು ಮನುಷ್ಯ ಬಾಳಿದ ಊರಲ್ಲಿ ಅಲ್ಲ, ಸತ್ತ ಜಾಗದಲ್ಲಿ. ಮುನವಳ್ಳಿಯವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ದಾಖಲೆ ಹುಬ್ಬಳ್ಳಿಯಲ್ಲಿ. ಸವದತ್ತಿಯಲ್ಲಿ ತಿಂಗಳುಗಟ್ಟಲೆ ಅಲೆದರೂ ಸಿಗಲ್ಲ.

ಕಾನೂನು ಏನು ಹೇಳುತ್ತೆ? ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದಿದ್ದು 1969ರಲ್ಲಿ. 21 ದಿನದೊಳಗೆ ತಿಳಿಸಿದರೆ ಶುಲ್ಕ ಇಲ್ಲ. 30 ದಿನದವರೆಗೆ ತಡದ ಶುಲ್ಕ. ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮೊದಲು ಕೋರ್ಟಿಗೆ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಡಿಸಿ, ಎಸಿ ಅಥವಾ ಡಿಸಿ ನೇಮಿಸಿದ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್‌ಗೆ ಬಂದಿದೆ. ಎಸಿ ಆಫೀಸು ಬೈಲಹೊಂಗಲದಲ್ಲೇ ಇದೆ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಆ ಕಾಯ್ದೆಯ 17ನೇ ಕಲಂ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಹುಡುಕಿಸಬಹುದು, ನಕಲು ಕೇಳಬಹುದು. ಸಾವಿನ ಕಾರಣ ಮಾತ್ರ ನಕಲಿನಲ್ಲಿ ಕೊಡಲ್ಲ. ಇದು ಯಾರೋ ಮಾಡೋ ಉಪಕಾರ ಅಲ್ಲ, ನಿಮ್ಮ ಹಕ್ಕು. ಹುಡುಕಿದರೂ ಸಿಗಲಿಲ್ಲ ಅಂದ್ರೆ ದಾಖಲೆ ಲಭ್ಯವಿಲ್ಲ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ಇಲ್ಲ ಅನ್ನೋದಕ್ಕೆ ಬೆಲೆ ಇಲ್ಲ. ಆ ಕಾಗದವೇ ಮುಂದಿನ ಅರ್ಜಿಗೆ ಮೆಟ್ಟಿಲು.

ಮರಣದ ರಿಜಿಸ್ಟರ್ ಇಲ್ಲದಿದ್ದರೆ ಜಮೀನಿನ ಮ್ಯುಟೇಶನ್ ರಿಜಿಸ್ಟರ್ ತೆಗೆಸಿ. ವಾರಸಾ ಹಚ್ಚಿದಾಗ ಖಾತೆದಾರ ಇಂಥ ದಿನ ಮೃತನಾದ, ವಾರಸುದಾರರು ಇಂಥವರು ಅಂತ ಬರೆಯೋ ರೂಢಿ ಇದೆ. ಎಷ್ಟೋ ಮನೆತನದ ಸಾವಿನ ತಾರೀಖು ಉಳಿದಿರೋದು ಅಲ್ಲಿ.

ಇಷ್ಟೆಲ್ಲಾ ಒದ್ದಾಟ ಯಾಕೆ ಅಂತೀರಾ? ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಡೇಟಾ ಎಷ್ಟೇ ಇರಲಿ, ಯಾವ ಹೊತ್ತಿನದ್ದು ಅನ್ನೋ ಮುದ್ರೆ ಇಲ್ಲದಿದ್ದರೆ ಕೆಲಸಕ್ಕೆ ಬರಲ್ಲ ಅಂತ ಕಲಿಸ್ತಾರೆ. ಕುಟುಂಬಕ್ಕೂ ಇದೇ ಮಾತು ಅನ್ವಯಿಸುತ್ತೆ. 2005ರ ಸೆಪ್ಟೆಂಬರ್ 9ಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತಾಯ್ತು. 2015ರಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಆ ದಿನ ತಂದೆ ಬದುಕಿರಬೇಕು, ಇಲ್ಲದಿದ್ದರೆ ಮಗಳಿಗೆ ಈ ಹಕ್ಕು ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಯೋಚನೆ ಮಾಡಿ. ಅಪ್ಪ ಸೆಪ್ಟೆಂಬರ್ 8ಕ್ಕೆ ಸತ್ತನೋ, 10ಕ್ಕೆ ಸತ್ತನೋ ಅನ್ನೋದರ ಮೇಲೆ ಮಗಳ ಪಾಲು ನಿಂತುಬಿಡ್ತು. 2020ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು, ತಂದೆ ಅಂದು ಬದುಕಿರಲೇಬೇಕು ಅಂತೇನಿಲ್ಲ ಅಂದಿತು. ಆದರೂ 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಪಾಲಾಗಿತ್ತಾ ಅನ್ನೋ ಪ್ರಶ್ನೆ ಹಾಗೇ ಇದೆ. ಅಲ್ಲೂ ತಾರೀಖೇ, ಅಲ್ಲೂ ಕಾಗದವೇ.

ಕಿತ್ತೂರಿನ ಅರಮನೆಗೆ ಎದುರಾದ ಪ್ರಶ್ನೆ ಇವತ್ತು ನಾಲ್ಕು ಎಕರೆ ಹೊಲದ ಮನೆಗೂ ಎದುರಾಗುತ್ತಿದೆ. ಯಾವಾಗ ಸತ್ತ? ಅದಕ್ಕೂ ಮುಂಚೆ ಏನು ಮಾಡಿದ್ದ? ಯಾರು ವಾರಸುದಾರರು? ರಾಣಿಗೆ ಆಗ ರಿಜಿಸ್ಟರ್ ಇರಲಿಲ್ಲ. ನಮಗಿದೆ. ಆದರೂ ಸತ್ತವರ ಹೆಸರಲ್ಲೇ ಇರೋ ಉತಾರ ಪ್ರತಿ ಹಳ್ಳಿಯಲ್ಲೂ ಇದೆ. ಬೆಳೆ ಪರಿಹಾರ ಬಂದಾಗ, ಬ್ಯಾಂಕ್ ಸಾಲ ಬೇಕಾದಾಗ, ಅಕ್ಕ ತಂಗಿ ಪಾಲು ಕೇಳಿದಾಗ ನಮಗೆ ದಿಢೀರ್ ಅಂತ ಅಜ್ಜನ ನೆನಪಾಗುತ್ತೆ. ಅಷ್ಟೊತ್ತಿಗೆ ತಾರೀಖು ನೆನಪಿದ್ದ ಅಜ್ಜಿಯೂ ಇರಲ್ಲ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕುಳಿತು ಕೇಳಿ. ಯಾರು, ಯಾವ ಊರಲ್ಲಿ, ಯಾವ ವರ್ಷ, ಯಾವ ಹಬ್ಬದ ಹಿಂದೆ ಮುಂದೆ ತೀರಿಕೊಂಡರು ಅಂತ ಬರೆದುಕೊಳ್ಳಿ. ಗಂಡಸರದ್ದು ಬರೆದಮೇಲೆ ಹೆಂಗಸರದ್ದೂ ಅವರದ್ದೇ ಹೆಸರಿನಲ್ಲಿ ಬರೆಯಿರಿ. ಆಮೇಲೆ ಉತಾರ ತೆಗೆಸಿ ನೋಡಿ, ಅದರಲ್ಲಿ ಯಾರ ಹೆಸರಿದೆ ಅಂತ. ಸತ್ತವರ ಹೆಸರೇ ಇದ್ದರೆ ಮರಣ ದಾಖಲೆಯ ಅರ್ಜಿ ಬರೆಯೋಕೆ ಇನ್ನೊಂದು ವರ್ಷ ಕಾಯಬೇಡಿ.