ಮಲೆನಾಡಿನ ರಂಗದ ಮೇಲೆ ಯಾರ ನಾಡು?

ಸಣ್ಣ ನಾಡುಗಳು ತಮ್ಮ ಗುರುತು ಹುಡುಕಿಕೊಳ್ಳಲು ನಾಟಕ ಕಟ್ಟುತ್ತವೆ. ಆಸ್ಟ್ರಿಯಾದ ಚಕ್ರವರ್ತಿಯ ಕೈಕೆಳಗಿದ್ದ ಚೆಕ್ ಜನ ವಂತಿಗೆ ಎತ್ತಿ 1881ರಲ್ಲಿ ಪ್ರಾಗ್ ನಗರದಲ್ಲಿ ತಮ್ಮ ರಾಷ್ಟ್ರೀಯ ರಂಗಮಂದಿರ ತೆರೆದರು. ಅದೇ ವರ್ಷ ಅದು ಸುಟ್ಟುಹೋಯಿತು. ಮತ್ತೆ ವಂತಿಗೆ ಎತ್ತಿ 1883ರಲ್ಲಿ ಎಬ್ಬಿಸಿ ನಿಲ್ಲಿಸಿದರು. ಬ್ರಿಟಿಷರ ಅಡಿಯಲ್ಲಿದ್ದ ಐರಿಷ್ ಜನ 1904ರಲ್ಲಿ ಡಬ್ಲಿನ್ನಿನಲ್ಲಿ ಅಬ್ಬೆ ಥಿಯೇಟರ್ ಶುರು ಮಾಡಿದರು. ಮೂರೇ ವರ್ಷಕ್ಕೆ, 1907ರಲ್ಲಿ, ಸಿಂಜ್ ಬರೆದ ನಾಟಕಕ್ಕೆ ಅಲ್ಲಿನ ಪ್ರೇಕ್ಷಕರೇ ಗಲಾಟೆ ಎಬ್ಬಿಸಿದರು. ನಮ್ಮ ಹಳ್ಳಿಗರನ್ನು ಹೀಗೆ ತೋರಿಸಬಹುದೆ ಅಂತ. ನಾಡಿನ ಮುಖ ಹೀಗೇ ಇರಬೇಕು ಎಂದು ಅಪ್ಪಣೆ ಕೊಡುವವರು ಯಾರು ಎಂಬ ಜಗಳ ಅದು.

ಈ ಜಗಳ ನಮ್ಮಲ್ಲೂ ನಡೆದಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ನಾಡಗೀತೆ ಕೊಟ್ಟವರು ಅಂತ ಎಲ್ಲರಿಗೂ ಗೊತ್ತು. ಅದೇ ಕೈ 1928ರಲ್ಲಿ 'ಜಲಗಾರ' ಬರೆಯಿತು. ಊರಿನವರೆಲ್ಲ ಗುಡಿಗೆ ಹೋದರೆ, ಬೀದಿ ಗುಡಿಸುವವನ ಬಳಿಗೆ ಶಿವನೇ ಜಲಗಾರನಾಗಿ ಬರುತ್ತಾನೆ. 1944ರ 'ಶೂದ್ರತಪಸ್ವಿ'ಯಲ್ಲಿ ರಾಮನ ಬಾಣ ಶಂಬೂಕನನ್ನು ಕೊಲ್ಲುವುದಿಲ್ಲ. ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಪುರಾಣವನ್ನು ಹೀಗೆ ತಿರುಗಿಸಿದ್ದಕ್ಕೆ ಮಾಸ್ತಿಯಂಥ ಹಿರಿಯರೇ ಆಕ್ಷೇಪ ಎತ್ತಿದರು. ನಾಡಗೀತೆಯನ್ನು ಶಾಲೆಶಾಲೆಯಲ್ಲಿ ಹಾಡಿಸುವ ನಾವು ಈ ಎರಡು ನಾಟಕಗಳನ್ನು ಎಷ್ಟು ಶಾಲೆಗಳಲ್ಲಿ ಆಡಿಸುತ್ತೇವೆ? ಮೇಷ್ಟರುಗಳು ಉತ್ತರ ಹೇಳಲಿ.

ಇನ್ನು ಸಾಗರದ ಕಡೆ ಬರೋಣ. 1949ರಲ್ಲಿ ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಹುಟ್ಟಿತು. ಎರಡೇ ವರ್ಷಕ್ಕೆ, 1951ರ ಏಪ್ರಿಲ್‌ನಲ್ಲಿ, ಅದೇ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದರು. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು, ಇದು ಮೋಸ ಎಂಬುದು ಅವರ ತಕರಾರು. ಗಣಪತಿಯಪ್ಪ ಮುಂದೆ ನಿಂತರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಜೊತೆಗೆ ತಂದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಒಂದೇ ಮಣ್ಣಿನಲ್ಲಿ ಎರಡು ರಂಗ. ಒಂದರಲ್ಲಿ ಬಣ್ಣ ಹಚ್ಚಿದ ರಾಜರು, ಇನ್ನೊಂದರಲ್ಲಿ ಗದ್ದೆಯಂಚಿಗೆ ನಿಂತ ಒಕ್ಕಲುಗಳು. ನಾಡಿನ ಸಂಸ್ಕೃತಿ ಎಂದಾಗ ಮೊದಲನೆಯದು ಮಾತ್ರ ಯಾಕೆ ನೆನಪಾಗಬೇಕು?

ನೀನಾಸಂ ಅನ್ನು ಇಷ್ಟಕ್ಕೇ ತಳ್ಳಿಹಾಕುವವರು ನಾವಲ್ಲ. ಕೆ.ವಿ. ಸುಬ್ಬಣ್ಣ 1980ರಲ್ಲಿ ಹಳ್ಳಿಯಲ್ಲೇ ರಂಗಶಿಕ್ಷಣ ಕೇಂದ್ರ ತೆರೆದರು. 1985ರಿಂದ 'ತಿರುಗಾಟ' ನಾಟಕಗಳನ್ನು ಊರೂರಿಗೆ ಒಯ್ದಿತು. ಬೆಂಗಳೂರಿಗೆ ಹೋಗದೆ ನಾಟಕ ಕಲಿಯಬಹುದು ಅನ್ನುವುದು ಬಡವರ ಮಕ್ಕಳಿಗೆ ಸಣ್ಣ ಮಾತಲ್ಲ.

ಆದರೆ ಬೆಂಗಳೂರಿನ ರಂಗದ ಬೆಳಕಿಗೆ ಬೆಲೆ ತೆತ್ತವರಾರು? ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ಮರುವರ್ಷ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರಲ್ಲಿ ಹೊಸನಗರ, ಸಾಗರ ತಾಲ್ಲೂಕುಗಳ ಊರುಗಳು ಗುಡಿ, ಗದ್ದೆ, ಆಟ ಆಡುವ ಬಯಲುಗಳ ಸಮೇತ ಮುಳುಗಿದವು. ಆ ಬಯಲಿನಲ್ಲೂ ಎಲ್ಲರಿಗೂ ಒಂದೇ ಜಾಗ ಇತ್ತೇನು? ಗುಡಿ ಮುಂದಿನ ಆಟವನ್ನು ಕೇರಿಯ ಜನ ದೂರ ನಿಂತೇ ನೋಡಬೇಕಿತ್ತು.

ಗೇಣಿದಾರನಿಗೆ 1974ರ ಭೂಸುಧಾರಣೆಯಲ್ಲಿ ಹೊಲ ಸಿಕ್ಕಿತು. ಕಾಗೋಡಿನ ಫಲ ಅದು. ಜೀತದಾಳಿಗೆ ಗೇಣಿಯೇ ಇರಲಿಲ್ಲ, ಹಾಗಾಗಿ ಹೊಲವೂ ಬರಲಿಲ್ಲ. ಅದೇ ಎಪ್ಪತ್ತರ ದಶಕದಲ್ಲಿ ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. 1975ರಲ್ಲಿ ಹುಟ್ಟಿದ ಸಮುದಾಯ ತಂಡ 'ಬೆಲ್ಚಿ'ಯನ್ನು ಬೀದಿಗೆ ತಂದಿತು. 1977ರಲ್ಲಿ ಬಿಹಾರದ ಒಂದು ಹಳ್ಳಿಯಲ್ಲಿ ದಲಿತರನ್ನು ಸುಟ್ಟ ಕತೆ ಕನ್ನಡದ ಚೌಕಗಳಲ್ಲಿ ನಡೆಯಿತು. ಪರದೆ ಇಲ್ಲ, ಟಿಕೆಟ್ ಇಲ್ಲ, ದೂರ ನಿಲ್ಲುವ ಪ್ರಶ್ನೆಯೂ ಇಲ್ಲ.

ಜೀತದಾಳು ದೊಡ್ಡ ರಂಗಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ತೀರ್ಥಹಳ್ಳಿ ಸೀಮೆಯ ಜೀತದಾಳು ನಾಯಿಗುತ್ತಿಯ ಹೆಜ್ಜೆ ಹಿಡಿದು ಬರೆದರು. ಅದನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿದರು. ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರು ರಂಗಾಯಣದ ಬಯಲಿನಲ್ಲಿ ಸುಮಾರು ಒಂಬತ್ತು ಗಂಟೆ, ಬೆಳಗಿನವರೆಗೆ ಆಡಿಸಿದರು. ಜನ ಒಂದು ರಂಗದಿಂದ ಇನ್ನೊಂದಕ್ಕೆ ನಡೆದು ಹೋಗಿ ನೋಡಿದರು. ಬೆಳಗಿನ ತನಕ ನಡೆಯುವ ಆಟದಲ್ಲಿ ಈ ಸಲ ಕಿರೀಟದ ರಾಜ ಇರಲಿಲ್ಲ. ಕಂಬಳಿ ಹೊದ್ದ ಗುತ್ತಿ ತನ್ನ ತಿಮ್ಮಿಯನ್ನು ಒಡೆಯರ ಕೈಗೆ ಸಿಗದಂತೆ ಹಾರಿಸಿಕೊಂಡು ಹೋಗುತ್ತಿದ್ದ.