ಮನೆಯಲ್ಲಿ ಡಯಾಲಿಸಿಸ್: ಕಲಿಸಿದವರು, ಕಲಿತವರು

1960ರ ಮಾರ್ಚ್ ತಿಂಗಳಲ್ಲಿ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯೊಬ್ಬರ ತೋಳಿನಲ್ಲಿ ಟೆಫ್ಲಾನ್ ಕೊಳವೆಯನ್ನು ಖಾಯಂ ಆಗಿ ಇರಿಸಿದರು. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ಯುವ ಕಷ್ಟ ತಪ್ಪಿತು. ಮೂತ್ರಪಿಂಡ ಪೂರ್ತಿ ಕೆಟ್ಟವರೂ ವರ್ಷಗಟ್ಟಲೆ ಬದುಕುವಂತಾಯಿತು. ಆದರೆ ಯಂತ್ರಗಳು ಕೆಲವು, ರೋಗಿಗಳು ಹಲವರು. 1962ರಲ್ಲಿ ಅಲ್ಲಿ ತೆರೆದ ಕೇಂದ್ರದಲ್ಲಿ ಯಾರಿಗೆ ಚಿಕಿತ್ಸೆ ಕೊಡಬೇಕೆಂಬುದನ್ನು ನಾಗರಿಕರ ಸಮಿತಿಯೊಂದು ತೀರ್ಮಾನಿಸುತ್ತಿತ್ತು.

ಶಾಲೆಗೆ ಹೋಗುವ ಹುಡುಗಿಯೊಬ್ಬಳನ್ನು ಆ ಸಮಿತಿ ಒಪ್ಪಲಿಲ್ಲ. ಆಗ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಎಂಜಿನಿಯರ್ ಲೆಸ್ ಬ್ಯಾಬ್ ಅವರ ತಂಡ ಮನೆಯಲ್ಲಿಡಬಹುದಾದ ಯಂತ್ರವೊಂದನ್ನು ಕಟ್ಟಿತು. 1964ರಲ್ಲಿ ಅವಳ ತಾಯಿಯೇ ಅದನ್ನು ನಡೆಸಲು ಕಲಿತರು. ಸುಮಾರು ಅದೇ ಕಾಲಕ್ಕೆ ನಮ್ಮ ಮದರಾಸಿನ ಉದ್ಯಮಿಯೊಬ್ಬರೂ ಸಿಯಾಟಲ್‌ಗೆ ಬಂದು, ತರಬೇತಿ ಮುಗಿಸಿ, ತಮ್ಮೂರಿನಲ್ಲೇ ಚಿಕಿತ್ಸೆ ಮುಂದುವರಿಸಿದರು. ಲಂಡನ್ನಿನಲ್ಲಿ ಡಾ. ಸ್ಟ್ಯಾನ್ಲಿ ಶಾಲ್ಡನ್ ಅವರೂ ಅದೇ ವರ್ಷ ರೋಗಿಗಳಿಗೆ ಈ ವಿದ್ಯೆ ಕಲಿಸಿ ಮನೆಗೆ ಕಳುಹಿಸಿದರು. ಮನೆಯ ಡಯಾಲಿಸಿಸ್ ಹುಟ್ಟಿದ್ದೇ ಹೀಗೆ, ಪಾಠ ಹೇಳುವುದರಿಂದ.

1970ರ ದಶಕದ ಆರಂಭದಲ್ಲಿ ಅಮೆರಿಕದ ಡಯಾಲಿಸಿಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. 1973ರ ಜುಲೈನಿಂದ ಮೆಡಿಕೇರ್ ಖರ್ಚು ವಹಿಸಿಕೊಂಡಿತು, ಸಮಿತಿಗಳು ಬೇಡವಾದವು. ಅದು ದೊಡ್ಡ ಉಪಕಾರ. ಆದರೆ ಊರೂರಿಗೆ ಕೇಂದ್ರಗಳು ಎದ್ದಂತೆ ಮನೆಯಲ್ಲಿ ಕಲಿತು ಮಾಡಿಕೊಳ್ಳುವವರ ಪಾಲು ಕುಗ್ಗಿತು. 1976ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಅವರು ಯಂತ್ರವೇ ಬೇಡದ ಇನ್ನೊಂದು ದಾರಿಯನ್ನು ಪ್ರಕಟಿಸಿದರು: ಹೊಟ್ಟೆಯೊಳಕ್ಕೆ ದ್ರವ ಬಿಟ್ಟು, ಕೆಲವು ಗಂಟೆಗಳ ಬಳಿಕ ಹೊರತೆಗೆದು, ಹೊಸದನ್ನು ತುಂಬುವುದು. ಕೈ ಶುಚಿಯಾಗಿಟ್ಟುಕೊಂಡು ಸೋಂಕು ತಗಲದಂತೆ ಮಾಡುವುದೇ ಇಲ್ಲಿ ಮುಖ್ಯ ಪಾಠ.

ಪಾಠವನ್ನು ಕೊನೆಗೆ ಕಾನೂನೇ ನೆನಪಿಸಬೇಕಾಯಿತು. 2008ರ ನಿಯಮಗಳು ಮನೆಯ ಚಿಕಿತ್ಸೆಯೂ ಸೇರಿದಂತೆ ಎಲ್ಲ ದಾರಿಗಳನ್ನೂ ರೋಗಿಗೆ ತಿಳಿಸಬೇಕೆಂದವು. ರೋಗ ನಾಲ್ಕನೆಯ ಹಂತಕ್ಕೆ ಬಂದ ಮೆಡಿಕೇರ್ ಸದಸ್ಯರಿಗೆ 2010ರಿಂದ ಆರು ಪಾಠಗಳವರೆಗೆ ಸೌಲಭ್ಯ ದೊರೆಯಿತು.

ಮನೆಯ ಡಯಾಲಿಸಿಸ್ ಎಲ್ಲರಿಗೂ ಒಗ್ಗುವುದಿಲ್ಲ. ಕೆಲವರಿಗೆ ಕೇಂದ್ರವೇ ಸರಿ. ಆದರೆ ತಿಳಿಯದೆ ಒಂದು ದಾರಿ ಹಿಡಿಯುವುದು ಆಯ್ಕೆಯಲ್ಲ. ನಮ್ಮ ಹಿರಿಯರು "ಡಾಕ್ಟರು ಹೇಳಿದ ಹಾಗಾಗಲಿ" ಎಂದು ಸುಮ್ಮನಾಗುವುದುಂಟು. ಅಂಥವರ ಜೊತೆ ಮಗನೋ ಸೊಸೆಯೋ ಆಸ್ಪತ್ರೆಗೆ ಹೋಗಿ, ಕಾಯಿಲೆ ಬಿಗಡಾಯಿಸುವ ಮೊದಲೇ "ಮನೆಯಲ್ಲಿ ಮಾಡಲಾದೀತೇ?" ಎಂದು ಕೇಳಲಿ. ಉತ್ತರವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. 1964ರಲ್ಲಿ ಒಬ್ಬ ತಾಯಿ ಕಲಿತದ್ದನ್ನು ನಮ್ಮ ಮನೆಗಳಲ್ಲೂ ಕಲಿಯಬಹುದು.