ಆದೇಶ ಮತ್ತು ಅಪವಾದ: 'ಹುಡುಕು-ಬದಲಿಸು' ಕ್ರಮ ಹಾಗೂ ಉತ್ತರ ಕನ್ನಡ ಕರಾವಳಿಯ ಜನಪದ ಪಠ್ಯಗಳು

ಗ್ರಂಥಸಂಪಾದನಾ ಶಾಸ್ತ್ರವು ಪಠ್ಯದಲ್ಲಿನ ದೋಷಗಳಿಗೆ ಸಾಮಾನ್ಯವಾಗಿ ಲಿಪಿಕಾರನನ್ನು ಹೊಣೆಯಾಗಿಸುತ್ತದೆ. ಕಣ್ತಪ್ಪು, ಕೈತಪ್ಪು, ತಿಳಿಯದ ಶಬ್ದವನ್ನು ತಿಳಿದ ಶಬ್ದವಾಗಿ ತಿದ್ದುವ ಜಾಣತನ ಇವೆಲ್ಲ ಓಲೆಗರಿಯ ಕಾಲದಿಂದಲೂ ಬಂದಿರುವ ದೋಷಗಳು. ಆದರೆ ಲಿಪಿಕಾರನು ತಪ್ಪನ್ನು ಒಂದೊಂದಾಗಿ ಮಾಡುತ್ತಿದ್ದನು. ಒಂದೆಡೆ ತಿದ್ದಿದುದನ್ನು ಇನ್ನೊಂದೆಡೆ ಮರೆಯುತ್ತಿದ್ದನು. ಆ ಮರೆವಿನಿಂದಲೇ ಮೂಲರೂಪದ ಸುಳಿವು ನಮಗೆ ದೊರೆಯುತ್ತಿತ್ತು. ಗಣಕಯಂತ್ರದ ಪದಸಂಸ್ಕಾರಕದಲ್ಲಿರುವ 'ಹುಡುಕು-ಬದಲಿಸು' ಕ್ರಮಕ್ಕೆ ಮರೆವು ಎಂಬುದಿಲ್ಲ. ಮುನ್ನೂರು ಪುಟಗಳ ಸಂಗ್ರಹವನ್ನು ಅದು ಕ್ಷಣಮಾತ್ರದಲ್ಲಿ ಏಕರೂಪಗೊಳಿಸುತ್ತದೆ, ಹಿಂದಿನ ರೂಪದ ಗುರುತನ್ನೂ ಉಳಿಸುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನಪದ ಪಠ್ಯಗಳನ್ನು ಮುಂದಿಟ್ಟುಕೊಂಡು ಈ ಸಾಧನದ ಪೂರ್ವೇತಿಹಾಸ, ಅದರ ಕಾರ್ಯವಿಧಾನ ಮತ್ತು ಅದು ಸಂಪಾದಕನ ಮೇಲೆ ಹೊರಿಸುವ ಹೊಣೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೋಟ್‌ಬುಕ್ಕಿನಿಂದ ಗಣಕಯಂತ್ರಕ್ಕೆ

ಈ ಮೂರು ತಾಲ್ಲೂಕುಗಳು ಭಾಷಾವೈವಿಧ್ಯದ ದೃಷ್ಟಿಯಿಂದ ಅಪರೂಪದ ನೆಲ. ಹಾಲಕ್ಕಿ ಒಕ್ಕಲಿಗರ ಕನ್ನಡ, ಹವ್ಯಕರ ಕನ್ನಡ, ಗೊಂಡರ ಹಾಡುಗಳು, ಕೊಂಕಣಿಯ ಹಲವು ಪ್ರಭೇದಗಳು, ಭಟ್ಕಳದ ನವಾಯತಿ ಇವೆಲ್ಲ ಶರಾವತಿ, ಅಘನಾಶಿನಿಗಳ ದಡಗಳಲ್ಲಿ ಒಂದರ ಪಕ್ಕ ಒಂದು ಬಾಳಿಕೊಂಡು ಬಂದಿವೆ. ಕುಮಟಾ ಭಾಗದ ಡಾ. ಎಲ್. ಆರ್. ಹೆಗಡೆ, ಹೊನ್ನಾವರದ ಡಾ. ಎನ್. ಆರ್. ನಾಯಕ ಹಾಗೂ ಶಾಂತಿ ನಾಯಕ ಮೊದಲಾದವರ ಸಂಗ್ರಹಕಾರ್ಯದಿಂದ ಇಲ್ಲಿಯ ಹಾಡು, ಕಥೆಗಳು ನಾಡಿನ ಗಮನಕ್ಕೆ ಬಂದವು. ಮುಂದಿನ ತಲೆಮಾರಿನ ನಮಗೆ ಕ್ಯಾಸೆಟ್ಟೂ ಅದರ ಹಿಂದೆಯೇ ಗಣಕಯಂತ್ರವೂ ಒದಗಿದವು.

ಕನ್ನಡ ಗಣಕಲೇಖನದ ಇತಿಹಾಸದಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಮುಖ್ಯ ಘಟ್ಟಗಳು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ನಮ್ಮ ಪ್ರಬಂಧಗಳು, ಪಠ್ಯಗಳು ಹಳೆಯ ಅಕ್ಷರವಿನ್ಯಾಸಗಳಲ್ಲಿಯೇ ಸಿದ್ಧಗೊಂಡವು. ಆ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಲ್ಯಾಟಿನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕೂರಿಸಿದ ಅಕ್ಷರದ ತುಂಡುಗಳು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಕಾರ್ಯವೇ ಮೂಲತಃ ಒಂದು ಬೃಹತ್ 'ಹುಡುಕು-ಬದಲಿಸು' ಕ್ರಿಯೆ.

ಸೂತ್ರದ ಹಿನ್ನೆಲೆ

ಒಂದರ ಸ್ಥಾನದಲ್ಲಿ ಇನ್ನೊಂದನ್ನು ತರುವ ಕ್ರಿಯೆಗೆ ನಮ್ಮ ವ್ಯಾಕರಣ ಪರಂಪರೆ 'ಆದೇಶ' ಎಂಬ ಹೆಸರಿಟ್ಟಿದೆ. ಲೋಪ, ಆಗಮ, ಆದೇಶ ಎಂಬ ಮೂರು ಸಂಧಿಕಾರ್ಯಗಳನ್ನು ಅಳಿಸುವಿಕೆ, ಸೇರಿಸುವಿಕೆ, ಬದಲಿಸುವಿಕೆ ಎಂದು ಹೇಳಿದರೆ ಪದಸಂಸ್ಕಾರಕದ ಕೆಲಸಗಳನ್ನೇ ಹೇಳಿದಂತಾಗುತ್ತದೆ. ಪಾಣಿನಿಯು ಇದಕ್ಕೆ ಅತ್ಯಂತ ನಿಖರವಾದ ಪರಿಭಾಷೆಯನ್ನು ರೂಪಿಸಿದನು. ಬದಲಾಗಬೇಕಾದುದು ಷಷ್ಠಿಯಲ್ಲಿ, ಬದಲಿಗೆ ಬರುವುದು ಪ್ರಥಮೆಯಲ್ಲಿ, ಹಿಂದಿರುವ ವರ್ಣ ಪಂಚಮಿಯಲ್ಲಿ, ಮುಂದಿರುವ ವರ್ಣ ಸಪ್ತಮಿಯಲ್ಲಿ ಎಂಬುದು ಅವನ ಕ್ರಮ. ಬಿಡಿ ವರ್ಣಗಳ ಬದಲು ವರ್ಣಸಮೂಹಗಳನ್ನು ಸೂಚಿಸಲು ಪ್ರತ್ಯಾಹಾರಗಳಿವೆ. 'ಪ್ರತಿ' ಮತ್ತು 'ಏಕ' ಸೇರಿ 'ಪ್ರತ್ಯೇಕ'ವಾಗುವುದಕ್ಕೆ ಬೇರೊಂದು ಸೂತ್ರ ಬೇಕಿಲ್ಲ. ಇಕಾರ, ಉಕಾರ, ಋಕಾರ, ಌಕಾರಗಳಿಗೆಲ್ಲ ಒಂದೇ ಸೂತ್ರ ಸಾಕು.

ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ಆದೇಶಗಳನ್ನು ವಿವರಿಸಿದನು. 1604ರಲ್ಲಿ ಭಟ್ಟಾಕಳಂಕದೇವನು 592 ಸಂಸ್ಕೃತ ಸೂತ್ರಗಳಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿ, ತಾನೇ ಅದಕ್ಕೆ ವೃತ್ತಿ, ವ್ಯಾಖ್ಯಾನಗಳನ್ನೂ ಬರೆದನು. ಸಾಹಿತ್ಯಚರಿತ್ರೆಕಾರರು ಅವನನ್ನು ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿಸುತ್ತಾರೆ. ಆ ಹಾಡುವಳ್ಳಿ ಇಂದಿನ ಭಟ್ಕಳ ತಾಲ್ಲೂಕಿನಲ್ಲಿದೆ. ಕನ್ನಡವನ್ನು ಸೂತ್ರಗಳಲ್ಲಿ ಹಿಡಿದಿಟ್ಟ ಒಂದು ಮಹಾಪ್ರಯತ್ನಕ್ಕೆ ಈ ನೆಲದ ನಂಟಿರುವುದು ನಮ್ಮ ಚರ್ಚೆಗೆ ಕೇವಲ ಆಕಸ್ಮಿಕವಲ್ಲ.

ಈ ಪರಂಪರೆಯಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಸಾಮಾನ್ಯ ವಿಧಿಯಾದ 'ಉತ್ಸರ್ಗ'ದ ಜೊತೆಗೆ ಅದನ್ನು ತಡೆಯುವ 'ಅಪವಾದ'ವನ್ನೂ ವೈಯಾಕರಣನು ಹೇಳುತ್ತಾನೆ. 'ಮಳೆ'ಗೆ 'ಕಾಲ' ಸೇರಿದರೆ 'ಮಳೆಗಾಲ'. ಆದರೆ 'ಮಳೆಕಾಡು' ಎನ್ನುವಾಗ ಕಕಾರವು ಹಾಗೆಯೇ ಉಳಿಯುತ್ತದೆ. ಅಪವಾದವನ್ನು ಬಲ್ಲವನೇ ವೈಯಾಕರಣ.

ಗಣಕಯಂತ್ರದ ಕಡೆಯ ಇತಿಹಾಸ ತೀರ ಈಚಿನದು. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ಚಿಹ್ನಾವಿನ್ಯಾಸಗಳನ್ನು ವರ್ಣಿಸುವ ಬೀಜಗಣಿತವೊಂದನ್ನು ರೂಪಿಸಿದನು; ಅದು 1956ರಲ್ಲಿ ಪ್ರಕಟವಾಯಿತು. ಪುನರಾವೃತ್ತಿಯನ್ನು ಸೂಚಿಸುವ ನಕ್ಷತ್ರಚಿಹ್ನೆಗೆ ಇಂದಿಗೂ ಅವನ ಹೆಸರಿದೆ. ಕೆನ್ ಥಾಂಪ್ಸನ್ 1968ರಲ್ಲಿ ಈ ತತ್ತ್ವವನ್ನು ಪಠ್ಯಶೋಧನೆಗೆ ಅಳವಡಿಸುವ ಕ್ರಮವನ್ನು ಪ್ರಕಟಿಸಿದನು. ಅದರ ಸರಳೀಕೃತ ರೂಪವೊಂದು ನಾವು ಬಳಸುವ ಪದಸಂಸ್ಕಾರಕಗಳಲ್ಲಿ 'ವೈಲ್ಡ್‌ಕಾರ್ಡ್' ಎಂಬ ಹೆಸರಿನಲ್ಲಿದೆ. ಆ ಹೆಸರು ಇಸ್ಪೀಟಾಟದಿಂದ ಬಂದದ್ದು. ಜೋಕರ್ ಎಲೆಯು ಯಾವ ಎಲೆಯ ಸ್ಥಾನದಲ್ಲಾದರೂ ನಿಲ್ಲಬಲ್ಲದು. ಈ ಚಿಹ್ನೆಗಳೂ ಹಾಗೆಯೇ.

ಕಾರ್ಯವಿಧಾನ ಮತ್ತು ಕನ್ನಡದ ತೊಡಕುಗಳು

ಮೈಕ್ರೋಸಾಫ್ಟ್ ವರ್ಡ್‌ನ ಕ್ರಮದಲ್ಲಿ ಪ್ರಶ್ನಾರ್ಥಕ ಚಿಹ್ನೆ (?) ಯಾವುದೇ ಒಂದು ಸಂಕೇತವನ್ನೂ ನಕ್ಷತ್ರಚಿಹ್ನೆ (*) ಸಂಕೇತಗಳ ಸರಣಿಯನ್ನೂ ಪ್ರತಿನಿಧಿಸುತ್ತದೆ. ಚೌಕ ಆವರಣದೊಳಗೆ ಬರೆದವುಗಳಲ್ಲಿ ಯಾವುದಾದರೊಂದು ಹೊಂದಿದರೆ ಸಾಕು. ದುಂಡು ಆವರಣದಲ್ಲಿ ಹಿಡಿದುದನ್ನು ಬದಲಿಸುವಾಗ \1, \2 ಎಂಬ ಗುರುತುಗಳಿಂದ ಹಾಗೆಯೇ ಮರಳಿ ಪಡೆಯಬಹುದು.

ಇದರ ಪ್ರಯೋಜನ ಸಣ್ಣದಲ್ಲ. ನಮ್ಮ ಕಡತಗಳಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ನುಸುಳಿರುವುದು ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎಲ್ಲ ಸೊನ್ನೆಗಳನ್ನೂ ಅನುಸ್ವಾರವಾಗಿಸಿದರೆ ೧೦, ೨೦ ಮೊದಲಾದ ಅಂಕಿಗಳು ಕೆಡುತ್ತವೆ. ([ಅ-ೌ])೦ ಎಂದು ಹುಡುಕಿ \1ಂ ಎಂದು ಬದಲಿಸಿದರೆ ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೆ ಬಂದ ಸೊನ್ನೆ ಮಾತ್ರ ಅನುಸ್ವಾರವಾಗುತ್ತದೆ, ಅಂಕಿಯ ಬೆನ್ನಿಗಿರುವುದು ಉಳಿಯುತ್ತದೆ. ಪಾಣಿನಿಯ ಪಂಚಮಿಯ ಕೆಲಸವನ್ನು ಇಲ್ಲಿ ಆವರಣವು ಮಾಡುತ್ತದೆ.

ಆದರೆ ಯಂತ್ರದ ಲೆಕ್ಕ ನಮ್ಮ ಅಕ್ಷರದ ಲೆಕ್ಕವಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಸಕಾರ, ಹಲಂತ, ತಕಾರ, ಹಲಂತ, ರೇಫ, ದೀರ್ಘ ಈಕಾರದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಓಕಾರದ ಚಿಹ್ನೆಯು ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಬಳಸುವ ಅಗೋಚರ ಸಂಕೇತವು ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿದ್ದರೆ ಒಂದೇ ಪದ ಎರಡು ಪದವಾಗುತ್ತದೆ. ಸ್ಥಳನಾಮಗಳಲ್ಲಿ ಈ ತೊಡಕು ಇನ್ನಷ್ಟು ಸ್ಪಷ್ಟ. ಕುಮಟಾ, ಕುಮಟೆ, ಕುಮಠಾ ರೂಪಗಳು 'ಕುಮ[ಟಠ]' ಎಂಬ ಒಂದೇ ವಿನ್ಯಾಸಕ್ಕೆ ಸಿಗುತ್ತವೆ, 'ಕುಮ್ಟಾ' ಸಿಗುವುದಿಲ್ಲ. ಭಟ್ಕಳ, ಭಟಕಳ ಎರಡನ್ನೂ ಹಿಡಿಯಲು 'ಭಟ*ಕಳ' ಎಂದು ಬರೆದರೆ, ಒಂದು ಕಂಡಿಕೆಯ 'ಭಟರು' ಎಂಬಲ್ಲಿ ಹೊರಟ ಹುಡುಕಾಟ ಮುಂದಿನ ಕಂಡಿಕೆಯ 'ಕಳವಳ'ದವರೆಗೂ ನುಂಗಿಕೊಂಡು ಹೋದೀತು.

ಒಂದು ಪ್ರಮಾದ

ಇಲ್ಲಿ ನನ್ನದೇ ಪ್ರಮಾದವೊಂದನ್ನು ದಾಖಲಿಸುವುದು ಅಗತ್ಯ. 2008ರ ಮಳೆಗಾಲದಲ್ಲಿ, ಕುಮಟಾ ತಾಲ್ಲೂಕಿನ ಹವ್ಯಕ ಮಹಿಳೆಯೊಬ್ಬರಿಂದ ಸಂಗ್ರಹಿಸಿದ ಮದುವೆಯ ಹಾಡುಗಳನ್ನೂ ಅವರು ಹೇಳಿದ ಜೀವನವೃತ್ತಾಂತವನ್ನೂ ಮುದ್ರಣಕ್ಕೆ ಸಿದ್ಧಗೊಳಿಸುತ್ತಿದ್ದೆ. ಹವ್ಯಕ ಆಡುನುಡಿಯಲ್ಲಿ ಉತ್ತಮಪುರುಷ ಸರ್ವನಾಮ 'ಆನು'. ಹಳಗನ್ನಡದ 'ಆನ್' ರೂಪದ ನೇರ ಉಳಿಕೆ. ಹಾಡುಗಳಲ್ಲಾದರೋ 'ನಾನು', 'ಆನು' ಎರಡೂ ಬರುತ್ತಿದ್ದವು. ಓದುಗರಿಗೆ ತೊಡಕಾಗಬಾರದೆಂದೂ ಪಠ್ಯ ಏಕರೂಪವಾಗಿರಲೆಂದೂ ಬಗೆದು ಇಡೀ ಕಡತದ 'ಆನು'ವನ್ನು 'ನಾನು' ಎಂದು ಒಮ್ಮೆಗೇ ಬದಲಿಸಿದೆ. ಮೂಲ ಕಡತದ ಪ್ರತಿಯನ್ನು ಪ್ರತ್ಯೇಕವಾಗಿ ಇಟ್ಟಿರಲಿಲ್ಲ.

ಕರಡು ಓದುವಾಗ ಪ್ರಸ್ತಾವನೆಯಲ್ಲಿ 'ನಾನುವಂಶಿಕ', 'ನಾನುಷಂಗಿಕ' ಎಂಬ ವಿಚಿತ್ರ ಪದಗಳು ಕಂಡವು. ಆನುವಂಶಿಕ, ಆನುಷಂಗಿಕಗಳ ಈ ದುರ್ಗತಿ ನಗುವಿನ ಸಂಗತಿ, ತಿದ್ದುವುದೂ ಸುಲಭ. ತಿದ್ದಲಾಗದ ತಪ್ಪು ಬೇರೆಯಿತ್ತು. ಅಷ್ಟರಲ್ಲಿ ವಕ್ತೃ ತೀರಿಕೊಂಡಿದ್ದರು. ಕರಡನ್ನು ಅವರ ಮಗಳಿಗೆ ಓದಿ ಹೇಳಿದಾಗ ಆಕೆ ನಡುವೆಯೇ ತಡೆದು, "ಆಯಿ ಮಾತಾಡಕಾದ್ರೆ ಯಾವತ್ತೂ ನಾನು ಹೇಳ್ತಿತ್ತಿಲ್ಲೆ, ಆನು ಹೇಳೇ ಹೇಳ್ತಿತ್ತು" ಎಂದರು. ವೃತ್ತಾಂತದ ಭಾಗವನ್ನು ಆ ಮಾತಿನ ಆಧಾರದಿಂದ ಸರಿಪಡಿಸಿದೆ. ಹಾಡುಗಳಲ್ಲಿ ಮಾತ್ರ ಯಾವ 'ನಾನು' ಅವರ ಬಾಯಿಂದ ಬಂದದ್ದು, ಯಾವುದು ನನ್ನ ಕೀಲಿಮಣೆಯಿಂದ ಬಂದದ್ದು ಎಂದು ಹೇಳುವ ದಾರಿಯಿರಲಿಲ್ಲ. ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದ ಕ್ಯಾಸೆಟ್ಟುಗಳಲ್ಲಿ ಕೆಲವು ಮಾತ್ರ ಕೇಳಿಸಿದವು. ಉಳಿದ ಹಾಡುಗಳನ್ನು ಸಂಗ್ರಹದಿಂದ ಕೈಬಿಡಬೇಕಾಯಿತು.

ಎರಡು ರೂಪಗಳನ್ನು ಒಂದಾಗಿಸುವ ಆದೇಶವನ್ನು ಹಿಂದಕ್ಕೆ ನಡೆಸಲು ಬರುವುದಿಲ್ಲ. ಈ ಸಾಧನದ ಬಗ್ಗೆ ನಾನು ಕಲಿತ ಮೊದಲ ಪಾಠ ಇದು.

ಎರಡನೆಯ ಪಾಠ ಆ ಮಗಳ ಮಾತಿನಲ್ಲಿಯೇ ಇದೆ. ಆಕೆ ತಾಯಿಯ ವಿಷಯದಲ್ಲಿ 'ಹೇಳ್ತಿತ್ತು' ಎಂದರು, 'ಹೇಳುತ್ತಿದ್ದಳು' ಎನ್ನಲಿಲ್ಲ. ಹವ್ಯಕ ನುಡಿಯಲ್ಲಿ ಸ್ತ್ರೀಯರ ಕುರಿತು ಹೇಳುವಾಗ ನಪುಂಸಕ ಕ್ರಿಯಾರೂಪ ಸಹಜ. 'ಅತ್ತೆ ಬಂತು' ಎಂಬುದು ಅಲ್ಲಿ ಅಗೌರವವಲ್ಲ, ಅಶುದ್ಧವೂ ಅಲ್ಲ. ಶಿಷ್ಟ ಕನ್ನಡಕ್ಕೆ ಒಗ್ಗಿಸಲೆಂದು 'ಬಂತು'ವನ್ನು 'ಬಂದಳು' ಎಂದು ಬದಲಿಸಲು ಹೊರಟರೆ 'ಮಳೆ ಬಂತು' ಎಂಬುದೂ 'ಮಳೆ ಬಂದಳು' ಎಂದಾಗುತ್ತದೆ. ಅಕ್ಷರಗಳ ಆಕಾರವನ್ನಷ್ಟೇ ಕಾಣುವ ವಿನ್ಯಾಸಕ್ಕೆ ಅತ್ತೆಗೂ ಮಳೆಗೂ ಇರುವ ವ್ಯತ್ಯಾಸ ತಿಳಿಯದು. ಉತ್ಸರ್ಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಅಪವಾದವನ್ನು ಒಪ್ಪಿಸಲಾಗದು.

ಭಟ್ಕಳದ ಉದಾಹರಣೆಯೊಂದು ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸುತ್ತದೆ. ನವಾಯತಿಯನ್ನು ಬರೆಯುವ ರೂಢಿ ಅರಬ್ಬಿ-ಪಾರಸಿ ಮೂಲದ ಲಿಪಿಯಲ್ಲಿ. ಅದನ್ನು ಕನ್ನಡ ಲಿಪಿಗೆ ತರುವಾಗ 'ಜ' ಮತ್ತು 'ಜ಼'ಗಳ ಭೇದವನ್ನು ಕೆಳಗಿನ ಚುಕ್ಕೆಯಿಂದ ಸೂಚಿಸಬೇಕಾಗುತ್ತದೆ. ಆ ಚುಕ್ಕೆಯೂ ಒಂದು ಪ್ರತ್ಯೇಕ ಸಂಕೇತ. ಅನಗತ್ಯವೆಂದು ಬಗೆದು ಅದನ್ನು ಒಂದೇ ಆಜ್ಞೆಯಿಂದ ಅಳಿಸಿದರೆ ಎರಡು ಧ್ವನಿಗಳು ಶಾಶ್ವತವಾಗಿ ಒಂದಾಗುತ್ತವೆ.

ಸಂಪಾದಕನ ಹೊಣೆ

ಇದರಿಂದ ಸಾಧನವನ್ನೇ ದೂರವಿಡಬೇಕೆಂದು ಅರ್ಥವಲ್ಲ. ನನ್ನ ಅನುಭವದಲ್ಲಿ ವೈಲ್ಡ್‌ಕಾರ್ಡಿನ ನಿಜವಾದ ಬೆಲೆ 'ಬದಲಿಸು' ಎಂಬಲ್ಲಿಗಿಂತ 'ಹುಡುಕು' ಎಂಬಲ್ಲಿದೆ. ಒಂದು ಸಂಗ್ರಹದಲ್ಲಿ 'ಬಪ್ಪ', 'ಹೋಪ' ಮೊದಲಾದ ಹಳೆಯ ರೂಪಗಳು ಎಲ್ಲೆಲ್ಲಿ ಉಳಿದಿವೆ, 'ಬರುವ', 'ಹೋಗುವ' ರೂಪಗಳು ಯಾವ ಸಂದರ್ಭದಲ್ಲಿ ಬರುತ್ತವೆ ಎಂಬುದನ್ನು ವಾರಗಟ್ಟಲೆ ಪುಟ ತಿರುವಿ ಗುರುತಿಸಬೇಕಿತ್ತು. ಈಗ ಅದು ಒಂದು ಮಧ್ಯಾಹ್ನದ ಕೆಲಸ. ಪಾಠಾಂತರಗಳನ್ನು ಅಳಿಸಲು ಬಳಸಿದ ಸಾಧನವನ್ನೇ ಅವುಗಳ ಪಟ್ಟಿ ತಯಾರಿಸಲು ಬಳಸಬಹುದು.

ಕೆಲವು ನಿಯಮಗಳನ್ನು ಮಾತ್ರ ಪಾಲಿಸಬೇಕು. ವಕ್ತೃವಿನ ಮಾತನ್ನು ಮೊದಲ ಬಾರಿಗೆ ಲಿಪ್ಯಂತರಿಸಿದ ಕಡತವನ್ನು ದಿನಾಂಕದೊಡನೆ ಪ್ರತ್ಯೇಕವಾಗಿಟ್ಟು ಅದನ್ನು ಎಂದಿಗೂ ತಿದ್ದಬಾರದು. ತಿದ್ದುಪಡಿಗಳೆಲ್ಲ ಅದರ ನಕಲಿನ ಮೇಲೆ ನಡೆಯಬೇಕು. ಸೊನ್ನೆ-ಅನುಸ್ವಾರದಂತಹ ಲಿಪಿದೋಷಗಳಿಗೂ ನುಡಿಯ ರೂಪಗಳಿಗೂ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಳ್ಳಬೇಕು. ಮೊದಲನೆಯವನ್ನು ಯಂತ್ರಕ್ಕೆ ಬಿಡಬಹುದು. ಎರಡನೆಯವನ್ನು ಬದಲಿಸಲೇಬೇಕಾದರೆ ಒಂದೊಂದನ್ನೂ ಕಣ್ಣಿನಿಂದ ನೋಡಿಯೇ ಒಪ್ಪಬೇಕು. ಬಳಸಿದ ಪ್ರತಿಯೊಂದು ವಿನ್ಯಾಸವನ್ನೂ ಬರೆದಿಟ್ಟು, ಪಾಠಾಂತರಗಳನ್ನು ಕೊಡುವಂತೆಯೇ ಅದರ ಪಟ್ಟಿಯನ್ನು ಗ್ರಂಥದ ಕೊನೆಯಲ್ಲಿ ಕೊಡಬೇಕು. ಮುಂದಿನ ಸಂಶೋಧಕನು ಅದನ್ನು ನೋಡಿ ನಮ್ಮ ತಪ್ಪನ್ನು ಕಂಡುಹಿಡಿಯುವಂತಿರಬೇಕು.

ಹಾಡುವಳ್ಳಿಯ ಪರಂಪರೆಯ ವೈಯಾಕರಣನು 592 ಸೂತ್ರಗಳನ್ನು ಬರೆದ ಮೇಲೂ ವೃತ್ತಿ ಬೇಕೆಂದು, ವೃತ್ತಿಗೂ ವ್ಯಾಖ್ಯಾನ ಬೇಕೆಂದು ಭಾವಿಸಿದನು. ಸೂತ್ರವೊಂದನ್ನೇ ನಂಬಿ ನುಡಿಯನ್ನು ಒಪ್ಪಿಸಿಬಿಡಲು ಅವನ ಮನಸ್ಸು ಒಡಂಬಡಲಿಲ್ಲ. ನಾಲ್ಕು ಶತಮಾನಗಳ ಅನಂತರ ಅದೇ ನೆಲದ ನುಡಿಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ನಮಗೆ ಆ ಎಚ್ಚರ ಇನ್ನೂ ಹೆಚ್ಚು ಬೇಕು. ಅವನು ವಿವರಿಸಿದ ನುಡಿಯನ್ನಾಡುವವರು ಅವನ ಸುತ್ತಲೂ ಇದ್ದರು. ನಾವು ಬದಲಿಸುವ ಹಾಡುಗಳನ್ನು ಹಾಡಿದವರಲ್ಲಿ ಅನೇಕರು ಈಗ ಇಲ್ಲ.